ಕೊಸರು

ಜೂನ್ ಒಂದರಿಂದ ಬಲೆಗೆ ರಜೆ.
ಬೈತಖೋಲದಲ್ಲಿ ಬೋಟುಗಳು
ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು.
ಪಪ್ಪ ಮನೆಯಲ್ಲೇ ಇದ್ದ.
ಹಾಗಾಗಿ ನನ್ನ ಸೀಟಿನ ಮಾತಿಗೆ
ಇಡೀ ಮನೆ ಕೂತಿತು.

ಒಂದೇ ಕಾಲೇಜು, ಒಂದೇ ವಿಷಯ, ಹಡಗು ಕಟ್ಟುವುದು.
ಸಾಲು ಮಾತ್ರ ಎರಡು:
ನಾಲ್ಕು ವರ್ಷಕ್ಕೆ ಬಿ.ಟೆಕ್.,
ಐದಕ್ಕೆ ಎಂ.ಟೆಕ್. ಕೂಡ, ಒಂದೇ ಉಸಿರಿಗೆ.
ಯಾವುದು ಮೇಲೆ, ಯಾವುದು ಕೆಳಗೆ
ಸಂಜೆ ಐದರೊಳಗೆ ಬರೆದು ಬೀಗ ಹಾಕಬೇಕು.

ಆಯಿ ಕೇಳಿದ್ದು ಇಷ್ಟೇ:
"ಐದನೆಯದು ಕೊಸರೋ, ಅದಕ್ಕೂ ದುಡ್ಡೋ?"
ಇಪ್ಪತ್ತು ವರ್ಷ ಬುಟ್ಟಿಯ ಹಿಂದೆ ಕೂತವಳು.
ನಾಲ್ಕು ಬಂಗುಡೆ ಕೊಂಡವರಿಗೆ
ಸಣ್ಣದೊಂದನ್ನು ಮೇಲೆ ಎಸೆಯುತ್ತಾಳೆ,
ಎಸೆಯುವ ಮುನ್ನ ಅದರ ಕಿವಿರು ನೋಡಿರುತ್ತಾಳೆ.
ಕೊಸರಿಗೆ ಬರುವ ಮೀನು ಯಾವತ್ತೂ
ನಿನ್ನೆಯದು.

ದುಡ್ಡು, ಎಂದೆ. ಹಾಸ್ಟೆಲ್ಲು, ಮೆಸ್ಸು, ಎಲ್ಲ.
"ಹಾಗಾದರೆ ಅದೂ ಮೀನೇ," ಎಂದಳು,
"ಮುಟ್ಟಿ ನೋಡಿ ತಗೋ."

ಪೆಡ್ನೇಕರ್ ಸರ್ ಫೋನಿನಲ್ಲಿ ಹೇಳಿದರು,
ಆಮೇಲೆ ಬೇಕೆಂದರೆ ಮತ್ತೆ ಪರೀಕ್ಷೆ, ಮತ್ತೆ ರ‍್ಯಾಂಕು,
ಇದರಲ್ಲಾದರೆ ಬಾಗಿಲು ತೆರೆದೇ ಇದೆ.
ಸ್ವಲ್ಪ ಸುಮ್ಮನಿದ್ದು,
"ಆದರೆ ಹದಿನೆಂಟಕ್ಕೆ ಯಾರಿಗೆ ಗೊತ್ತು,
ಇಪ್ಪತ್ತೆರಡಕ್ಕೆ ಏನು ಬೇಸರ ಬರುತ್ತದೆಂದು?"
ಸಲಹೆ ಕೇಳಿದರೆ ಪ್ರಶ್ನೆ ಕೊಡುವ ಮೇಷ್ಟ್ರು.

ಪಕ್ಕದ ಕ್ಲೆಮೆಂಟಿನಾ ಬಾಯಿಯದು ಬೇರೆಯೇ ಲೆಕ್ಕ:
ಐದು ಕೂಡಿಸಿದರೆ ಹುಡುಗಿಗೆ ಇಪ್ಪತ್ಮೂರು.
ಆಯಿ ಅವಳಿಗೆ ಇನ್ನೊಂದು ಲೋಟ ಚಹಾ ಕೊಟ್ಟು
ಬಾಯಿ ಮುಚ್ಚಿಸಿದಳು.

ಪಪ್ಪ ಕೊನೆಗೆ ಮಾತಾಡಿದ,
ಹರಿದ ಬಲೆಯಿಂದ ಕಣ್ಣೆತ್ತದೆ.
"ನಾಲ್ಕು ದಿನದ ಮೀನಿಗೆ ಹೋಗುವಾಗ
ಐದು ದಿನದ ಐಸು ತುಂಬುತ್ತೇನೆ.
ಬೇಕೇ ಆಗುತ್ತದೆಂದಲ್ಲ.
ಬೇಕಾದ ದಿನ ನೀರಿನ ನಡುವೆ ಅಂಗಡಿ ಇರುವುದಿಲ್ಲ."
ಆಮೇಲೆ, ಯಾರೂ ಕೇಳದ್ದನ್ನು ಕೇಳಿದ:
"ಗಾಳಿ ತಿರುಗಿದರೆ ಅರ್ಧಕ್ಕೆ ವಾಪಸು ಬರಬಹುದೋ?"

ಮೂವತ್ತೊಂದನೇ ಪುಟ, ಇರುವೆಯಂಥ ಅಕ್ಷರ.
ನಾಲ್ಕರವರು ಮೂರು ಮುಗಿಸಿ ಐದಕ್ಕೆ ಹತ್ತಬಹುದು.
ಐದರವರು ನಾಲ್ಕಕ್ಕೆ ಇಳಿಯುವಂತಿಲ್ಲ.
ಪಪ್ಪ ತಲೆ ಅಲ್ಲಾಡಿಸಿದ.
ಎಲ್ಲರೂ ಅಂದುಕೊಂಡರು, ಇತ್ಯರ್ಥವಾಯಿತು, ನಿಯಮದಿಂದ.

ನಿಯಮದಿಂದ ಅಲ್ಲ.
ಮೂಲೆಯಲ್ಲಿ ಸೋಹನ, ಆ ವರ್ಷ ಒಂಬತ್ತನೇ ಕ್ಲಾಸು,
ತೊಡೆಯ ಮೇಲೆ ಕೈ ಇಟ್ಟು ಎಣಿಸುತ್ತಿದ್ದ.
ಒಂಬತ್ತು, ಹತ್ತು, ಪಿಯು ಒಂದು, ಪಿಯು ಎರಡು.
ಹೆಬ್ಬೆರಳಿಗೆ ಬಂದಾಗ ನನ್ನನ್ನು ನೋಡಿದ,
ಅದನ್ನು ಮುಷ್ಟಿಯೊಳಗೆ ಮಡಚಿಟ್ಟ.
"ನಾನು ಐಟಿಐಗೆ ಹೋಗುವವ," ಎಂದ, ಯಾರೂ ಕೇಳದೆ.

ನಾಲ್ಕನ್ನು ಮೇಲೆ ಬರೆದೆ.
ಸೈಬರಿನ ಹುಡುಗ ಕೇಳಿದ, "ಪಕ್ಕಾ?"
ಪರದೆಯೂ ಕೇಳಿತು.
ಇಬ್ಬರಿಗೂ ಹೌದೆಂದೆ.

ಇಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ.
ಮೂರು ವರ್ಷವಾದರೂ ನನಗದು
ಟೇಪು ಹಿಂದಕ್ಕೆ ಓಡಿಸಿದ ಹಾಗೆ.
ಹಡಗು ಯಾಕೆ ತೇಲುತ್ತದೆಂದು ಈಗ ಬರೆದು ತೋರಿಸಬಲ್ಲೆ,
ಅಲೆ ಅದಕ್ಕೆ ಏನು ಮಾಡುತ್ತದೆಂಬುದು
ಅರ್ಧವೇ ತಿಳಿದಿದೆ.
ಉಳಿದರ್ಧ ಐದನೇ ವರ್ಷದ ಪಾಠವಂತೆ.

ಫಾರಂ ಮತ್ತೆ ಬಂದಿದೆ. ಶುಕ್ರವಾರ ಕೊನೆ.

ನಿನ್ನೆ ಆಗಸ್ಟ್ ಒಂದು. ಬೆಳಗಿನ ಜಾವ ಫೋನು ಮಾಡಿದೆ.
ಸೋಹನ ಎತ್ತಿದ.
ಗಂಟಲು ಒಡೆದು ದಪ್ಪ ದನಿ.
ಪಿಯು ಎರಡು, ಫಿಸಿಕ್ಸು ಇಷ್ಟ,
ಐಟಿಐ ಮಾತು ಅವನೂ ಎತ್ತಲಿಲ್ಲ, ನಾನೂ.
"ಪಪ್ಪ ಧಕ್ಕೆಯಲ್ಲಿ, ಕೊಡುತ್ತೇನೆ ತಡಿ."

ಇಂಜಿನ್ನಿನ ಸದ್ದು. ಯಾರೋ ಯಾರಿಗೋ ಬಯ್ಯುವುದು.
ಅದರಡಿಯಲ್ಲಿ ಐಸು,
ಸಲಿಕೆಯಿಂದ ಜಾರಿ ಜಾರಿ
ಬೋಟಿನ ಹೊಟ್ಟೆಗೆ ಬೀಳುತ್ತಿತ್ತು.

ಎಷ್ಟು ದಿನಕ್ಕೆ ಎಂದು
ನಾನು ಕೇಳಲಿಲ್ಲ.
ಎಣಿಸುತ್ತ ನಿಂತೆ.