ಹಳಿ ತಿರುಗುವಲ್ಲಿ ಒಂಬತ್ತು ನಿಮಿಷ

ರೀಗಾ ಊರು ಮುಗಿದು ಪೈನ್ ಮರಗಳು ಶುರುವಾಗುವಲ್ಲಿ
ಟ್ರಾಮಿನ ಹಳಿ ಒಂದು ಸುತ್ತು ಸುತ್ತಿ
ಬಂದ ದಾರಿಗೇ ಮುಖ ಮಾಡುತ್ತದೆ.
ಅಲ್ಲಿ ನನಗೆ ಒಂಬತ್ತು ನಿಮಿಷ.
ಹತ್ತೊಂಬತ್ತು ವರ್ಷದಿಂದ ಅಷ್ಟೇ:
ಮೂರು ಶೌಚಕ್ಕೆ, ಒಂದು ಕೈಗವಸು ಹುಡುಕಲಿಕ್ಕೆ,
ಉಳಿದ ಐದು
ಹೆಬ್ಬೆರಳಿಗೆ.

ಗಾಜಿನ ಮೇಲೆ ಮೇಲಕ್ಕೆ, ಇನ್ನೂ ಮೇಲಕ್ಕೆ,
ಯಾರದೋ ಸಾರು, ಯಾರದೋ ನಾಯಿ, ಯಾರದೋ ಜಗಳ,
ತಳವಿಲ್ಲದ ಬಾವಿಗೆ ಹಗ್ಗ ಇಳಿಬಿಟ್ಟು
ಸೇದಿದ್ದೇ ಸೇದಿದ್ದು.
ಕೊಡ ಮಾತ್ರ ಮೇಲೆ ಬಂದದ್ದಿಲ್ಲ.

ಹುಡುಗಿಯಾಗಿದ್ದಾಗ ನಾನು ಓದುವ ಹುಚ್ಚಿ.
ಅಮ್ಮ ನನ್ನ ಕೋಣೆಯ ಬಲ್ಬು ಕಳಚಿ
ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು ಮಲಗುತ್ತಿದ್ದಳು.
ಆಮೇಲೆ ಪಾಳಿ ಬಂತು, ಇಲ್ಮಾರ್ಸ್ ಬಂದ, ಇಲ್ಮಾರ್ಸ್ ಹೋದ,
ಓದು ಯಾವಾಗ ಹಳಿ ತಪ್ಪಿತೋ ಗೊತ್ತೇ ಆಗಲಿಲ್ಲ.
ಟ್ರಾಮು ತಪ್ಪಿದ್ದರೆ ವರದಿ ಬರೆಸುತ್ತಿದ್ದರು.

ಡಿಪೋದಲ್ಲಿ ಕಳೆದ ವಸ್ತುಗಳ ಕಪಾಟು.
ಅದರ ಕೀಲಿ ಜಿಗ್ರೀದಾಳ ಸೊಂಟದಲ್ಲಿ.
"ಛತ್ರಿಗೆ ವಾರಸುದಾರರು ಬರ್ತಾರೆ,
ಒಂಟಿ ಬೂಟಿಗೂ ಬಂದಿದ್ದಾರೆ, ಇದಕ್ಕೆ ಮಾತ್ರ ಯಾರೂ ಇಲ್ಲ,
ಎರಡು ಚಳಿಗಾಲ ಆಯ್ತು, ತಗೊಂಡು ಹೋಗೇ ಔಸ್ಮಾ."
ರಟ್ಟು ಕಿತ್ತುಹೋದ ಪುಸ್ತಕ. ಹೆಸರಿಲ್ಲ.
ಜೌಗು ನೆಲ ಅಳೆಯಲು ಬಂದ ಸರ್ವೆಯವನೊಬ್ಬ
ಮೊದಲ ಪುಟದಲ್ಲೇ ಬೂಟು ಒದ್ದೆ ಮಾಡಿಕೊಳ್ಳುತ್ತಾನೆ.

ಮೊದಲ ದಿನ ಒಂದೇ ಸಾಲನ್ನು ನಾಲ್ಕು ಸಲ ಓದಿದೆ.
ತುದಿ ಮುಟ್ಟುವಷ್ಟರಲ್ಲಿ ಬುಡ ಮರೆತಿರುತ್ತಿತ್ತು.
ಹೆಬ್ಬೆರಳು ತನ್ನಷ್ಟಕ್ಕೆ ಕಾಗದವನ್ನು ಮೇಲಕ್ಕೆ ತಳ್ಳಿತು,
ಕಾಗದ ಕದಲಲಿಲ್ಲ.
ಸದ್ಯ, ಯಾರೂ ನೋಡಲಿಲ್ಲ.

ಮರುದಿನ ಕಾಲು ಪುಟ. ಅದರ ಮರುದಿನ ಅರೆಕಾಲು.
ಗುರುವಾರ ಒಬ್ಬ ಕುಡುಕ ಕೊನೆಯ ಸೀಟಿನಲ್ಲಿ ಅಳುತ್ತಿದ್ದ, ವೀಸದಷ್ಟೂ ಆಗಲಿಲ್ಲ.
ಫೋನನ್ನು ಬುತ್ತಿಯ ಡಬ್ಬಿಯಲ್ಲಿ
ರೈ ರೊಟ್ಟಿಯ ಕೆಳಗೆ ಹೂತಿಟ್ಟೆ.
ಅದು ಅಲ್ಲೇ ನಡುಗುತ್ತಿತ್ತು, ಜೀರಿಗೆಯ ವಾಸನೆ ಹತ್ತಿಸಿಕೊಂಡು.
ಹಲ್ಲಲ್ಲಿ ಕೈಗವಸು ಕಚ್ಚಿ ಎಳೆದು
ಬರಿಬೆರಳಲ್ಲಿ ಪುಟ ತಿರುವಿದೆ.

ನನಗಿಂತ ಮೊದಲು ಓದಿದವರು
ಪೆನ್ಸಿಲಿನಲ್ಲಿ ಅಲ್ಲಲ್ಲಿ ಗೆರೆ ಎಳೆದಿದ್ದರು.
"ಮಳೆ ನಿಂತಿತು" ಎಂಬುದಕ್ಕೂ ಗೆರೆ! ಯಾಕೋ.
ಅವರ ಬೆನ್ನು ಹಿಡಿದು ನಡೆಯುವುದು ಸುಲಭವಿತ್ತು.
ಎಂಬತ್ತೆಂಟನೆಯ ಪುಟದಲ್ಲಿ ಗೆರೆ ನಿಂತಿತು.
ಅಲ್ಲಿಂದಾಚೆ ಬಿಳಿ,
ಬೆಳಗಿನ ಮೊದಲ ಟ್ರಾಮಿಗೆ ಮುಂಚಿನ ಬೀದಿಯ ಹಿಮ.
ಕಾಲಿಟ್ಟೆ.

ಮಾರ್ಚಿನ ಒಂದು ಮಂಗಳವಾರ
ಸರ್ವೆಯವನು ಜೌಗು ದಾಟಿ, ಆ ಮನೆಯ ಕದ ತಟ್ಟಿ ನಿಂತಿದ್ದಾನೆ,
ಒಳಗೆ ಯಾರದೋ ಕೈ ಅಗುಳಿಯ ಮೇಲಿದೆ.
ಆಗ ಟಕ್ ಟಕ್. ನನ್ನ ಗಾಜಿಗೆ ನಾಣ್ಯ.
ಹೊರಗೆ ಹನ್ನೆರಡು ಕೆಂಪು ಮೂಗುಗಳು,
ಎಲ್ಲಕ್ಕಿಂತ ಮುಂದೆ ಮುದುಕಿ ಮಿರ್ಡ್ಜಾಳದು.
"ಎರಡು ನಿಮಿಷ ತಡ! ಕೆಟ್ಟಿತೇನು?"
ಅಷ್ಟರಲ್ಲಿ ರೇಡಿಯೋ ಕೆರೆಯಿತು:
ವಿಳಂಬಕ್ಕೆ ಕಾರಣ?
"ಬಾಗಿಲು," ಎಂದೆ.
ದುರಸ್ತಿಯವರನ್ನು ಕಳಿಸಲೇ?
"ಬೇಡ. ತೆರೆಯುತ್ತೆ ಅನ್ಸುತ್ತೆ."

ಹತ್ತೊಂಬತ್ತು ವರ್ಷದಲ್ಲಿ ಮೊದಲ ವರದಿ.
ಸಹಿ ಹಾಕುವಾಗ ನಗು ತಡೆಯಲು
ಕೆನ್ನೆಯ ಒಳಗನ್ನು ಕಚ್ಚಿಕೊಂಡೆ.

ಇನ್ನು ಮೂವತ್ತು ಪುಟ ಉಳಿದಿದೆ. ಬೇಕೆಂದೇ ಆಮೆಯಾಗಿದ್ದೇನೆ.
ಮುಗಿದರೆ ಏನೆಂದು ಜಿಗ್ರೀದಾಳನ್ನು ಕೇಳಿದೆ.
ಕಪಾಟಿನಲ್ಲಿ ಪುಸ್ತಕ ಇನ್ನಿಲ್ಲವಂತೆ, ಒಂದು ತುತ್ತೂರಿ ಇದೆಯಂತೆ.

ಊರಿನತ್ತ ತಿರುಗುವಾಗ ಈಗ
ಕನ್ನಡಿಯಲ್ಲಿ ಒಂದೊಂದೇ ಮುಖ ನೋಡುತ್ತೇನೆ.
ಇವರಲ್ಲೇ ಯಾರೋ ಎಂಬತ್ತೆಂಟರಲ್ಲಿ ಇಳಿದುಹೋದವರು,
ಆ ಮನುಷ್ಯನನ್ನು ಜೌಗಿನ ನಡುವೆ ಬಿಟ್ಟು.
ಕೇಳಿದರೆ ಪುಸ್ತಕ ಕೊಟ್ಟೇನು,
ಮುಂದೇನಾಯಿತೆಂದು ಮಾತ್ರ ಹೇಳುವುದಿಲ್ಲ.
ಇಂದೂ ಯಾರೂ ಕೇಳಲಿಲ್ಲ.
ನೀಲಿ ಟೋಪಿಯ ಹೆಂಗಸೊಬ್ಬಳು ಮಾತ್ರ
ಮಳೆ ನಿಂತಾಗ ಕಿಟಕಿಯ ಆವಿಯ ಮೇಲೆ
ಬೆರಳಿನಿಂದ ಸುಮ್ಮನೆ
ಒಂದು ಗೆರೆ ಎಳೆದಳು.