ಮೂವತ್ತೊಂದನೇ ಸೀಟಿನ ಸಂಚಾರ

ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಏಳು ಐದಕ್ಕೆ
ನಾವು ಮೂವರು ಬೋರ್ಡು ನೋಡುವುದಿಲ್ಲ.
ಬೋರ್ಡು ಸುಳ್ಳಾಡುತ್ತದೆ,
ಹೋಗುವಾಗಲೂ ಬರುವಾಗಲೂ ಒಂದೇ ತಗಡು,
ತಿರುಗಿಸಲು ಡ್ರೈವರಿಗೆ ಸೋಮಾರಿತನ.
ಸೀಟಿನ ಅಡಿ ಸುಳ್ಳಾಡುವುದಿಲ್ಲ:
ಕಡಲೇಕಾಯಿ ಸಿಪ್ಪೆಯಿದ್ದರೆ ನಿನ್ನೆ ಬಾಗೇಪಲ್ಲಿಗೆ ಹೋಗಿತ್ತು,
ರೇಷ್ಮೆಗೂಡಿನ ವಾಸನೆಯಿದ್ದರೆ ಶಿಡ್ಲಘಟ್ಟ.
ಒಂದು ಸಲ ಮಾವಿನ ಎಲೆ ಸಿಕ್ಕಿತು, ಒಂದೇ ಒಂದು.
ಶ್ರೀನಿವಾಸಪುರ ಎಂದರು ಪಿಳ್ಳವೆಂಕಟಪ್ಪ,
ಯಾರದೋ ಮನೆಯ ತೋರಣವಿದ್ದೀತು ಎಂದೆ ನಾನು.
ಇವತ್ತಿಗೂ ತೀರ್ಮಾನವಾಗಿಲ್ಲ.

ಪಿಳ್ಳವೆಂಕಟಪ್ಪ ಲೈನ್‌ಮನ್ ಆಗಿ ನಿವೃತ್ತರು,
ಕಂಬದ ಮೇಲಿಂದ ಮೂವತ್ತು ವರ್ಷ ಬಸ್ಸುಗಳ ನೆತ್ತಿ ನೋಡಿದವರು.
ಚಾಂದ್ ಪಾಷ ಕೀಲಿಕೈ ಮಾಡುವವರು,
ಕಣ್ಣು ಮುಚ್ಚಿ ಗೇರಿನ ಸದ್ದಿಗೇ ನಂಬರು ಹೇಳುತ್ತಾರೆ;
ಹತ್ತರಲ್ಲಿ ನಾಲ್ಕು ಸರಿ,
ಮಿಕ್ಕ ಆರಕ್ಕೆ ಡ್ರೈವರೇ ಕಾರಣ.
ನಾನು ಗಂಗರತ್ನ, ಚಿಕ್ಕಬಳ್ಳಾಪುರದಲ್ಲಿ ನೋಟರಿಯ ಟೈಪಿಸ್ಟು.
ರೇಷನ್ ಕಾರ್ಡಿನಲ್ಲಿ ಕೊಂಬು ಮುರಿದವರು,
ಆಧಾರಿನಲ್ಲಿ ದೀರ್ಘ ಕಳಕೊಂಡವರು
ನನ್ನೆದುರು ಕೂತು ತಮ್ಮ ಹೆಸರು ವಾಪಸು ಪಡೆಯುತ್ತಾರೆ.

ಒಗಟು ಶುರುವಾದದ್ದು ಎಫ್ ಮುನ್ನೂರ ಹದಿನೆಂಟರಲ್ಲಿ.
ಮೂವತ್ತೊಂದನೇ ಸೀಟಿನ ಬೆನ್ನಿಗೆ
ಯಾರೋ ಮೊಳೆಯಲ್ಲಿ ಕೆತ್ತಿದ್ದರು:
ಪದ್ದು ೧೦ ಎ.
ಇರಲಿ, ಇಂಥವು ನೂರಿವೆ.
ಆದರೆ ದೀಪಾವಳಿ ಕಳೆದ ಮೇಲೆ ಅದೇ ಪದ್ದು
ಸಿಕ್ಕಳು ಸಾವಿರದ ನೂರ ಎಪ್ಪತ್ತೇಳರಲ್ಲಿ,
ಎಂಟನೇ ಸೀಟಿಗೆ ಒರಗಿಕೊಂಡು.
ಎಂಟರ ಬಣ್ಣದ ಕೆಳಗೆ
ಮೂವತ್ತೊಂದು ಮಸುಕಾಗಿ ಇಣುಕುತ್ತಿತ್ತು.

"ಹುಡುಗಿ ಒಂದೇ, ಹತ್ತಿದ ಬಸ್ಸು ಎರಡು" ಪಾಷರ ವಾದ.
"ಅದ್ಹೆಂಗೆ? ಒತ್ತಿನ ಬಾಲ ನೋಡ್ರಿ,
ಅಲ್ಲಿ ಬಸ್ಸು ಹಂಪು ಎಗರೈತೆ, ಮೊಳೆ ಜಾರೈತೆ.
ಅದೇ ಹಂಪು ಎರಡು ಕಿತ ಅದೇ ಗಳಿಗೆಗೆ ಸಿಕ್ತದಾ?"
ನಾನು ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಗೀರಿನ ಮೇಲಿಟ್ಟು
ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆ.

ಅಂದರೆ ಸೀಟೇ ನಡೆದು ಹೋಗಿದೆ.
ಡಿಪೋ ಗೋಡೆಯಾಚೆ, ನಾವು ಮಲಗಿದ ಮೇಲೆ,
ಒಂದರ ಗಾಜು ಇನ್ನೊಂದರ ಕಿಟಕಿಗೆ,
ಇದರ ಹಾರನ್ನು ಅದರ ಗಂಟಲಿಗೆ.
ಹಾಗಾದರೆ ಮುನ್ನೂರ ಹದಿನೆಂಟು ಎಂದು
ದಿನಾ ನಾನು ಪುಸ್ತಕದಲ್ಲಿ ಬರೆಯುವುದು ಯಾವುದನ್ನು?
ಪಾಷ ಚಹಾ ಆರಿಸುತ್ತಾ
"ಕೀಲಿ ತಿರುಗೋವರೆಗೂ ಬೀಗ ಬೀಗಾನೇ" ಅಂದರು.
ಅರ್ಥವಾಗಲಿಲ್ಲ. ಅದನ್ನೂ ಬರೆದುಕೊಂಡೆ.

ಒಂದು ವರ್ಷ ಪದ್ದುವನ್ನು ಹುಡುಕಿದೆವು.
ಪದ್ಮಾವತಿಯೋ ಪದ್ಮಜಳೋ, ಎಡಗೈಯವಳು ಖಂಡಿತ,
ಗಣಿತದಲ್ಲಿ ಜಾಣೆ ಇರಬೇಕು, ಅಂಕಿ ನೆಟ್ಟಗಿದೆ.
ಪಿಳ್ಳವೆಂಕಟಪ್ಪನವರಂತೂ
ಅವಳಿಗೆ ನರ್ಸಿಂಗ್ ಸೀಟೂ ಕೊಡಿಸಿಬಿಟ್ಟಿದ್ದರು.

ಮೊನ್ನೆ ಆಷಾಢದಲ್ಲಿ ಪಕ್ಕ ಬಂದು ಕೂತ ಯೂನಿಫಾರ್ಮಿನ ಹುಡುಗ
ನನ್ನ ಪೆನ್ಸಿಲ್ ಅಚ್ಚು ನೋಡಿದ, ಸೀಟು ನೋಡಿದ,
ಉಗುರಿನಲ್ಲಿ ಮೊದಲಕ್ಷರದ ನೆತ್ತಿ ಕೆರೆದ.
ವರ್ಷಗಳ ಕೈಜಿಡ್ಡು ಪುಡಿಯಾಗಿ ಉದುರಿತು,
ಅಡಿಯಲ್ಲೊಂದು ಬಾಗಿದ ಗೀರು.
"ಪದ್ದು ಅಲ್ಲಕ್ಕಾ, ಪೆದ್ದು.
ಎ ಸೆಕ್ಷನ್ನೋರಿಗೆ ಬರ್ದಿರೋದು. ನಾವು ಬಿ."

ದಿನಕ್ಕೆ ಹನ್ನೆರಡು ಜನರ ಎತ್ವ ಹುಡುಕಿಕೊಡುವವಳು ನಾನು.
ಪಿಳ್ಳವೆಂಕಟಪ್ಪ ಕಿಟಕಿಯಾಚೆ ಕಂಬ ಎಣಿಸತೊಡಗಿದರು.
ಪಾಷ ನಕ್ಕ ನಗೆಗೆ ಕಂಡಕ್ಟರು ಸೀಟಿ ಊದುವುದನ್ನೇ ಮರೆತು
ಬಸ್ಸು ಒಂದು ಸ್ಟಾಪು ದಾಟಿಹೋಯಿತು,
ಇಳಿಯಬೇಕಿದ್ದ ಅಜ್ಜಿ ತೆಲುಗಿನಲ್ಲಿ ಬೈದಳು.

ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕಿಲ್ಲ.
ಯಾವ ಅಫಿಡವಿಟ್ಟೂ ಮಾಡಿಲ್ಲ.
ಈಗ ಎಂಟರ ಜಾಗದಲ್ಲಿ ಹೊಸ ನೀಲಿ ರೆಕ್ಸಿನ್,
ಹಳೆಯದು ಮತ್ತೆಲ್ಲಿಗೋ ಹೊರಟುಹೋಗಿದೆ.
ಮುಳಬಾಗಿಲಿನ ಕಡೆ ಇದ್ದರೂ ಇದ್ದೀತು,
ಹತ್ತುವವರು ಒಮ್ಮೆ ಮುಂದಿನ ಸೀಟಿನ ಬೆನ್ನು ನೋಡಿ.
ಹೆಚ್ಚು ಹೊತ್ತು ನೋಡಬೇಡಿ,
ಓದಿದವರನ್ನೇ ಕರೆಯುತ್ತದೆ ಅದು.