ಹದಿನೈದು ನಿಮಿಷದ ನೀರು

ಮೂರು ಕೊಟೇಷನ್ ಬಂದಿವೆ ಮೇಜಿಗೆ.
ಮೂರರ ಮೇಲೂ ಅದೇ ಹಸಿರು ಚಿತ್ರ:
ನೀರಿನ ಕೆಳಗೆ ನಿಂತ, ಮುಖವಿಲ್ಲದ ಮನುಷ್ಯ.
ಕಡಿಮೆ ರೇಟಿನದಕ್ಕೆ ಟಿಕ್ ಹಾಕಿ
ಸಂಜೆಯೊಳಗೆ ಕಳಿಸಿಬಿಡಿ, ಅಂದರು ಕಾಂತರಾಜು ಸಾರ್.

ಅರಸೀಕೆರೆ ಚಿಲ್ಲಿಂಗ್ ಸೆಂಟರು. ಐದಕ್ಕೆಲ್ಲ
ಬಾಣಾವರದ ರೂಟಿನ ಕ್ಯಾನು ಉರುಳುವ ಸದ್ದು.
ಹಾಲು ಬಿಳುಪು ಅನ್ನುವುದು ಕುಡಿಯುವವರ ಮಾತು;
ನನ್ನ ಬೆಂಚಿನ ಮೇಲೆ ಗಂಧಕಾಮ್ಲ ಸೇರಿ
ಅದು ಕ್ಷಣದಲ್ಲಿ ಕಾಫಿ ಡಿಕಾಕ್ಷನ್.
ಕೊಳವೆಗೆ ಬಟ್ಟೆ ಸುತ್ತಿ ಕುಲುಕಿದರೂ
ಅಂಗೈಗೆ ಕಾವು ಬರುತ್ತದೆ,
ಕೆಂಡದಿಂದ ಆಗಷ್ಟೇ ತೆಗೆದ ಗೆಣಸಿನ ಹಾಗೆ.

ಹೋದ ವರ್ಷ ಬಿರಡೆ ಹಾರಿದ್ದು
ಗಾಜು ತೊಳೆಯುತ್ತಿದ್ದ ತಾಯಮ್ಮನ ಕಡೆಗೆ.
ನಾವೆಲ್ಲ ಮಗ್ಗು ಹುಡುಕಿದೆವು.
ನನಗೆ ನೆನಪಿರುವುದು ಅಷ್ಟೇ.
ಮಗ್ಗು, ಮಗ್ಗು ಎಲ್ಲಿ, ಯಾರು ಒಯ್ದರು ಮಗ್ಗು.

ಅದಕ್ಕೇ ಫೋನು ಮಾಡಿ ಕೇಳಿದೆ: ನೀರು ಎಷ್ಟು ಹೊತ್ತು ಬರುತ್ತದೆ?
ಸ್ಟೇನ್‌ಲೆಸ್ ಸ್ಟೀಲ್ ಮೇಡಂ, ತುಕ್ಕೇ ಹಿಡಿಯಲ್ಲ, ಅಂದ.
ನೀರು?
ನಿಮ್ಮ ಟ್ಯಾಂಕು ಎಷ್ಟಿದೆಯೋ ಅಷ್ಟು ಹೊತ್ತು.
ಐನೂರು ಲೀಟರು. ನಿಮಿಷಕ್ಕೆ ಎಪ್ಪತ್ತೈದು.
ಬೇಕಾದ್ದು ಹದಿನೈದು ನಿಮಿಷ,
ಏಳು ತುಂಬುವ ಮೊದಲೇ ನಲ್ಲಿ ಗೊರಗೊರ ಅನ್ನುತ್ತದೆ.
ಅದೂ ಕರಿ ಟ್ಯಾಂಕು, ತಾರಸಿಯ ನೆತ್ತಿಯಲ್ಲಿ.
ಶಿವರಾತ್ರಿ ಕಳೆದ ಮೇಲೆ ನಡುಹಗಲು ತಿರುಗಿಸಿದರೆ
ಸುಟ್ಟವಳ ಮೇಲೆ ಸುಡುನೀರು.
ಬೋರಿನ ನೀರಿಗೆ ತಿಂಗಳೊಳಗೆ
ತೂತುಗಳು ಸುಣ್ಣ ಕಟ್ಟುತ್ತವೆ. ವಾರವಾರ ಎಳೆದು ನೋಡುವವರು?
ಬರೆದುಕೊಂಡೆ: ನಾನು. ಸೋಮವಾರ.

ಆಮ್ಲದ ಬೆಂಚಿನಿಂದ ಕಣ್ಣು ಮುಚ್ಚಿ ನಡೆದು ನೋಡಿದೆ.
ಎಂಟು ಹೆಜ್ಜೆ, ಒಂದು ಸ್ಟೂಲು, ಮೊಣಕಾಲಿಗೆ ಪೆಟ್ಟು.
ಸ್ಟೂಲನ್ನು ಆಚೆ ಹಾಕಿಸಿದೆ.
ತಾಯಮ್ಮನನ್ನು ಕರೆದು ಗೋಡೆಗೆ ನಿಲ್ಲಿಸಿ
ಕೈಯೆತ್ತು ಅಂದೆ. ಬೆರಳ ತುದಿಗೆ ಪೆನ್ಸಿಲ್ ಗೆರೆ.
ಕ್ಯಾಟಲಾಗಿನ ಹಿಡಿಕೆ ಅದಕ್ಕಿಂತ ನಾಲ್ಕು ಬೆರಳು ಮೇಲೆ.
ನಕ್ಕಳು: ನಂಗಲ್ಲ ಬುಡಕ್ಕ ಇದು,
ಎತ್ರದೋರು ಯಾರಾದ್ರೂ ಸುಟ್ಕೊಂಡ್ರೆ ಆಯ್ತದೆ.

ಆಮೇಲೆ ಗೋಡೆ ನೋಡುತ್ತ ಕೇಳಿದಳು: ಸೀರೆ?
ಕ್ಯಾಟಲಾಗು ಹೇಳುತ್ತದೆ, ಬಟ್ಟೆ ತಕ್ಷಣ ಕಳಚಬೇಕು.
ಅವತ್ತು ಬಾಗಿಲಲ್ಲಿ ಟ್ಯಾಂಕರಿನ ಡ್ರೈವರುಗಳು ನಾಲ್ವರು,
ಅವಳು ಸೆರಗು, ನೆರಿಗೆ ಎರಡೂ ಬಿಗಿಹಿಡಿದು ನಿಂತೇ ಇದ್ದಳು.
ಮೊಳಕೈಯಲ್ಲಿ ನಿಲ್ಲಬಹುದಾಗಿದ್ದದ್ದು
ನೂಲಿನೊಳಗೇ ಕುಳಿತು ತೊಡೆಗೆ ಇಳಿಯಿತು.
ನಾನೂ ಬಿಚ್ಚು ಅನ್ನಲಿಲ್ಲ.
ನಾನೂ.

ಮೂರು ಕೊಟೇಷನ್ನಿನಲ್ಲೂ ಪರದೆಯಿಲ್ಲ.
ದೊಡ್ಡ ಟ್ಯಾಂಕು, ಅದಕ್ಕೊಂದು ನೆರಳು,
ಉದ್ದ ಸರಪಳಿ, ಇವುಗಳ ಕೆಳಗೆ ಕೈಬರಹದಲ್ಲಿ ಸೇರಿಸಿದೆ:
ಪರದೆ ಒಂದು. ಒಗೆದಿಟ್ಟ ನೈಟಿ ಎರಡು.
ಕಾಂತರಾಜು ಸಾರ್ ಕನ್ನಡಕ ತೆಗೆದು ಒರೆಸಿದರು,
ಇದನ್ನೆಲ್ಲ ಯಾವ ಹೆಡ್ಡಿಗೆ ಹಾಕೋದಮ್ಮ?
ದರದ ಕಾಲಮ್ಮು ಖಾಲಿ.

ಸಂತೇಲಿ ಮೀಟ್ರಿಗೆ ಎಂಬತ್ತು, ಅಂದಳು ತಾಯಮ್ಮ
ಕ್ಯಾನಿನ ಮುಚ್ಚಳ ಜೋಡಿಸುತ್ತಲೇ.
ಚೌಕಾಸಿ ಮಾಡಿದ್ರೆ ಎಪ್ಪತ್ತಕ್ಕೂ ಕೊಡ್ತಾನೆ.
ತೆಳ್ಳಂದು ಮಾತ್ರ ಬ್ಯಾಡ.
ನೀರು ಬಿದ್ರೆ ಕಾಣ್ತದೆ.